ಬಾಕ್ಸ್ ಟೆಸ್ಟಿಂಗ್‌ಗೆ ಬಂದ ಕ್ಯಾಸೆಟ್: ಮೈಕೆಲ್ ಜಾಕ್ಸನ್‌ನ ‘ಬ್ಯಾಡ್’ ಜೊತೆ 35 ವರ್ಷ

ನಮ್ಮ ಚಿಕ್ಕಪ್ಪನದು ದಾವಣಗೆರೆಯಲ್ಲಿ ಮೈಕ್ ಸೆಟ್ ಬಾಡಿಗೆ ಅಂಗಡಿ. ಮದುವೆ, ಗಣಪತಿ, ನಾಟಕ, ಚುನಾವಣೆ ಭಾಷಣ, ಎಲ್ಲದಕ್ಕೂ ಅಲ್ಲಿಂದ ಹಾರ್ನ್, ಸ್ಪೀಕರ್ ಬಾಕ್ಸ್, ಆಂಪ್ಲಿಫೈಯರ್ ಹೋಗುತ್ತಿದ್ದವು. 1988ರಲ್ಲಿ ನಾನು ಎಂಟನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲೇ ಇರುತ್ತಿದ್ದೆ. ಒಂದು ಸಂಜೆ ಚಿಕ್ಕಪ್ಪ ಬೆಂಗಳೂರಿಂದ ಎರಡು ಹೊಸ ಬಾಕ್ಸ್ ತಂದರು. ಜೊತೆಗೊಂದು ಕ್ಯಾಸೆಟ್. ಕವರ್ ಮೇಲೆ ಕಪ್ಪು ಜಾಕೆಟ್ ಹಾಕಿದ ತೆಳ್ಳಗಿನ ಮನುಷ್ಯ. ಜಾಕೆಟ್ ತುಂಬ ಬಕಲ್. ಪಕ್ಕದಲ್ಲಿ ಗೋಡೆಗೆ ಬಣ್ಣ ಹೊಡೆದ ಹಾಗೆ ಕೆಂಪು ಅಕ್ಷರ.

“ತಮ್ಮಾ, ಬಾಕ್ಸ್ ಟೆಸ್ಟ್ ಮಾಡಾಕೆ ಇದು ಚಲೋ ಐತಂತೆ. ಹಾಕು ನೋಡಾನ” ಅಂದರು ಚಿಕ್ಕಪ್ಪ.

ಹಾಕಿದೆ. ಚಿಕ್ಕಪ್ಪನಿಗೆ ಒಂದು ಅಭ್ಯಾಸವಿತ್ತು. ಹೊಸ ಬಾಕ್ಸ್ ಬಂದರೆ ಮೊದಲು ಅದರ ಮೇಲೆ ಅಂಗೈ ಇಡುತ್ತಿದ್ದರು. ಹಲಗೆ ಸಡಿಲವಿದ್ದರೆ ಕೈಗೆ ಗೊತ್ತಾಗುತ್ತದೆ. ಅವತ್ತು ಕೈ ಇಟ್ಟವರು ಇಡೀ ಹಾಡು ಮುಗಿಯುವ ತನಕ ತೆಗೆಯಲಿಲ್ಲ.

ಆ ಕ್ಯಾಸೆಟ್ ಅಮೆರಿಕದ ಪಾಪ್ ಗಾಯಕ ಮೈಕೆಲ್ ಜಾಕ್ಸನ್‌ನ ಆಲ್ಬಂ ‘ಬ್ಯಾಡ್’. ಈಗ ಅಂಗಡಿ ನಾನು ನೋಡಿಕೊಳ್ಳುತ್ತೇನೆ. ಹಾರ್ನ್ ಕಾಲ ಹೋಗಿ ಲೈನ್ ಅರೇ (ಒಂದರ ಕೆಳಗೊಂದು ತೂಗುಹಾಕುವ ಬಾಕ್ಸ್ ಸಾಲು) ಕಾಲ ಬಂದಿದೆ. ಕ್ಯಾಸೆಟ್, ಸಿಡಿ, ಪೆನ್‌ಡ್ರೈವ್, ಫೋನ್ ಎಲ್ಲದರಲ್ಲೂ ಈ ಆಲ್ಬಂ ಕೇಳಿದ್ದೇನೆ. ಇವತ್ತಿಗೂ ಹೊಸ ಸಿಸ್ಟಮ್ ಕಟ್ಟಿದ ಮೇಲೆ ಮೊದಲು ಹಾಕುವುದು ಇದನ್ನೇ. ಇಷ್ಟು ವರ್ಷ ಬಳಸಿದ ಮೇಲೆ ಇದರ ಬಗ್ಗೆ ಬರೆಯಬೇಕು ಅನ್ನಿಸಿತು. ಒಂದು ಮಾತು: ನಮಗೆ ಮೈಕೆಲ್ ಅಂದರೆ ಮೊದಲಿಂದಲೂ ಅವನು, ಇವನು ಅಂತಲೇ ರೂಢಿ. ಪ್ರೀತಿಯ ಸಲುಗೆ ಅದು. ಇಲ್ಲೂ ಹಾಗೇ ಬರೆಯುತ್ತೇನೆ.

‘ಬ್ಯಾಡ್’ ಬಗ್ಗೆ ಯಾರೇ ಮಾತಾಡಲಿ, ಮೊದಲು ಅವನ ಹಿಂದಿನ ಆಲ್ಬಂ ‘ಥ್ರಿಲ್ಲರ್’ ಹೆಸರು ಬರುತ್ತದೆ. ಬರದೇ ಇರುವುದಾದರೂ ಹೇಗೆ? 1982ರ ನವೆಂಬರ್ ಕೊನೆಯಲ್ಲಿ ಬಂದ ಆ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತೆಯ ಪಟ್ಟಿಯಲ್ಲಿ ಒಟ್ಟು 37 ವಾರ ಮೊದಲ ಸ್ಥಾನದಲ್ಲಿತ್ತು. 9 ಹಾಡಿನಲ್ಲಿ 7 ಹಾಡು ಟಾಪ್ ಟೆನ್ ಒಳಗೆ ಬಂದವು. 1984ರಲ್ಲಿ ಒಂದೇ ರಾತ್ರಿ ಮೈಕೆಲ್ 8 ಗ್ರ್ಯಾಮಿ ಪ್ರಶಸ್ತಿ ಎತ್ತಿಕೊಂಡು ಹೋದ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ. ಅದಾದ ಮೇಲೆ ಏನು ಮಾಡಿದರೂ ಜನ ತಕ್ಕಡಿ ಹಿಡಿದುಕೊಂಡೇ ಕಾಯುತ್ತಾರೆ, ಅಲ್ವಾ?

‘ಬ್ಯಾಡ್’ ಬಂದದ್ದು 1987ರ ಆಗಸ್ಟ್ 31ಕ್ಕೆ. ಹಿಂದಿನ ಆಲ್ಬಂ ಬಂದು ಐದು ವರ್ಷ ಆಗುತ್ತಾ ಬಂದಿತ್ತು. ಮೈಕೆಲ್‌ಗೆ 29 ತುಂಬಿ ಎರಡೇ ದಿನ. ಹೊಸ ಆಲ್ಬಂ ನೇರವಾಗಿ ಪಟ್ಟಿಯ ಮೊದಲ ಸ್ಥಾನಕ್ಕೇ ಬಂತು. ಅವನ ಆಲ್ಬಂಗಳಲ್ಲಿ ಹಾಗೆ ಬಂದದ್ದು ಅದೇ ಮೊದಲು. 1987ರ ಸೆಪ್ಟೆಂಬರ್‌ನಿಂದ 1988ರ ಜುಲೈ ಒಳಗೆ ಇದರ ಐದು ಹಾಡು ಒಂದರ ಹಿಂದೆ ಒಂದು ನಂಬರ್ ಒನ್ ಆದವು. ಒಂದೇ ಆಲ್ಬಮ್ಮಿನಿಂದ ಐದು ನಂಬರ್ ಒನ್ ಹಾಡು ಅದಕ್ಕಿಂತ ಮೊದಲು ಯಾರಿಗೂ ಬಂದಿರಲಿಲ್ಲ. ‘ಥ್ರಿಲ್ಲರ್’ನಲ್ಲಿ ನಂಬರ್ ಒನ್ ಆದದ್ದು ಎರಡೇ ಹಾಡು. ಆದರೂ ‘ಬ್ಯಾಡ್’ಗೆ ಸೋತ ಆಲ್ಬಂ ಅನ್ನುವ ಹೆಸರು ಬಂತು. ಮಾರಾಟದ ಲೆಕ್ಕದಲ್ಲಿ ಅಣ್ಣನ ಮಟ್ಟ ಮುಟ್ಟಲಿಲ್ಲ ಅನ್ನುವುದಷ್ಟೇ ಕಾರಣ. ನನಗೆ ಇದು ಮೊದಲಿಂದಲೂ ಅನ್ಯಾಯ ಅನ್ನಿಸುತ್ತದೆ.

ನಾನು ‘ಥ್ರಿಲ್ಲರ್’ ಕೇಳಿದ್ದು ‘ಬ್ಯಾಡ್’ ಆದ ಮೇಲೆ. ಹಾಗಾಗಿ ನನ್ನ ಕಿವಿಗೆ ತಕ್ಕಡಿ ಇರಲಿಲ್ಲ. ಆಮೇಲೆ ದೊಡ್ಡವನಾಗಿ ಎರಡೂ ಕ್ಯಾಸೆಟ್‌ಗಳ ಒಳಗಿನ ಕಾಗದ ಬಿಚ್ಚಿ, ಯಾವ ಹಾಡು ಯಾರು ಬರೆದದ್ದು ಅಂತ ಓದಿದೆ. ‘ಥ್ರಿಲ್ಲರ್’ನ 9 ಹಾಡಿನಲ್ಲಿ ಮೈಕೆಲ್ ಬರೆದದ್ದು 4. ‘ಬ್ಯಾಡ್’ನಲ್ಲಿ 10ಕ್ಕೆ 8. ಇದು ನನಗೆ ಎಲ್ಲಾ ಮಾರಾಟದ ಲೆಕ್ಕಕ್ಕಿಂತ ದೊಡ್ಡ ಲೆಕ್ಕ. ಅಷ್ಟು ದೊಡ್ಡ ಗೆಲುವಿನ ಮೇಲೆ ಯಾರಾದರೂ ಏನು ಮಾಡುತ್ತಾರೆ? ಅದೇ ಅಡುಗೆ ಇನ್ನೊಂದು ಸಲ ಬಡಿಸುತ್ತಾರೆ. ಒಳ್ಳೊಳ್ಳೆ ಹಾಡು ಬರೆಯುವವರನ್ನು ಕರೆಸುತ್ತಾರೆ. ಅವನಿಗೆ ಹಾಗೆ ಮಾಡುವ ದಾರಿ ತೆರೆದೇ ಇತ್ತು. ಅವನು ತಾನೇ ಬರೆಯಲು ಕೂತ. 60ರಷ್ಟು ಹಾಡು ಬರೆದ, 30ರಷ್ಟು ರೆಕಾರ್ಡ್ ಮಾಡಿದ, ಮೂರು ರೆಕಾರ್ಡ್ ತಟ್ಟೆಯ ಆಲ್ಬಂ ಮಾಡಬೇಕು ಅಂತಿದ್ದ ಅಂತ ಹೇಳುತ್ತಾರೆ. ನಿರ್ಮಾಪಕ ಕ್ವಿನ್ಸಿ ಜೋನ್ಸ್ ಅವರು ಕಡಿಮೆ ಮಾಡಿಸಿ ಒಂದೇ ತಟ್ಟೆಗೆ ತಂದರು. ಇಬ್ಬರೂ ಸೇರಿ ಮಾಡಿದ ಮೂರನೇ ಆಲ್ಬಂ ಇದು, ಕೊನೆಯದೂ ಇದೇ. ಅವರ ಕತ್ತರಿ ಇಲ್ಲದಿದ್ದರೆ ಇದು ಇಷ್ಟು ಬಿಗಿಯಾಗಿ ಇರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಈಗ ಸೌಂಡ್ ವಿಷಯಕ್ಕೆ ಬರುತ್ತೇನೆ. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಈ ಆಲ್ಬಮ್ಮಿನ ರೆಕಾರ್ಡಿಂಗ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್. ಕೆಲಸ ನಡೆದದ್ದು ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್ ಸ್ಟುಡಿಯೋದಲ್ಲಿ. ಮೈಕೆಲ್ ಹಾಡುವಾಗ ಸುಮ್ಮನೆ ನಿಲ್ಲುತ್ತಿರಲಿಲ್ಲ. ಕಾಲು ತಟ್ಟುತ್ತಿದ್ದ, ಚಿಟಿಕೆ ಹೊಡೆಯುತ್ತಿದ್ದ, ಉಸಿರನ್ನೇ ತಾಳದ ಹಾಗೆ ಬಿಡುತ್ತಿದ್ದ. ಬೇರೆ ಎಂಜಿನಿಯರ್ ಆಗಿದ್ದರೆ “ಕಾಲು ಅಲುಗಿಸಬೇಡಿ, ಮೈಕಿಗೆ ಸದ್ದು ಬರುತ್ತದೆ” ಅನ್ನುತ್ತಿದ್ದರು. ನಾವೂ ಅದನ್ನೇ ಅನ್ನುತ್ತೇವೆ. ಸ್ವೀಡಿಯನ್ ಅವರು ಕಾಲ ಕೆಳಗೆ ಮರದ ಹಲಗೆ ಹಾಕಿಸಿ, ಆ ಸದ್ದನ್ನೂ ಹಾಡಿನೊಳಗೇ ಉಳಿಸಿಕೊಂಡರು. ಅವನು ಕತ್ತಲಲ್ಲಿ ಹಾಡಲು ಇಷ್ಟಪಡುತ್ತಿದ್ದ, ಅದಕ್ಕೆ ದೀಪ ಆರಿಸುತ್ತಿದ್ದರು.

ಹಿಂದಿನ ಕೋರಸ್ ಕೂಡ ಬಹುಪಾಲು ಮೈಕೆಲ್‌ನದೇ ದನಿ. ಅದನ್ನು ರೆಕಾರ್ಡ್ ಮಾಡಿದ ರೀತಿ ಗೊತ್ತಾದಾಗ ನನಗೆ ರೋಮಾಂಚನವಾಯಿತು. ಮೊದಲು ಮೈಕಿನ ಹತ್ತಿರ ನಿಂತು ಒಂದು ಸಾಲು ಹಾಡುತ್ತಾನೆ. ಆಮೇಲೆ ಅದೇ ಸಾಲನ್ನು ಒಂದೆರಡು ಹೆಜ್ಜೆ ಹಿಂದೆ ಸರಿದು ಹಾಡುತ್ತಾನೆ. ಸ್ವೀಡಿಯನ್ ಅವರು ಮೈಕಿನ ಗೇನ್ (ಸದ್ದು ಹಿಡಿಯುವ ಮಟ್ಟ) ಏರಿಸುತ್ತಾರೆ. ಆಗ ದನಿಯ ಜೊತೆ ಆ ಕೋಣೆಯ ಗೋಡೆಗೆ ಬಡಿದು ಬಂದ ದನಿಯೂ ಸೇರುತ್ತದೆ. ಎಲ್ಲ ಸೇರಿಸಿದರೆ ಮುಂದೆ ಒಬ್ಬ, ಹಿಂದೆ ಒಬ್ಬ, ಇನ್ನೂ ಹಿಂದೆ ಒಬ್ಬ ನಿಂತ ಹಾಗೆ ಕೇಳಿಸುತ್ತದೆ. ಎಕೋ ಯಂತ್ರದಿಂದ ಈ ಆಳ ಬರುವುದಿಲ್ಲ. ಒಳ್ಳೆಯ ಬಾಕ್ಸ್ ಆದರೆ ಈ ಮೂವರೂ ಬೇರೆ ಬೇರೆಯಾಗಿ ಕೇಳಿಸುತ್ತಾರೆ. ಕೆಟ್ಟ ಬಾಕ್ಸ್ ಆದರೆ ಮೂವರೂ ಕಲಸಿ ಮುದ್ದೆ ಆಗುತ್ತಾರೆ. ನಾನು ಗಿರಾಕಿಗೆ ಬಾಕ್ಸ್ ತೋರಿಸುವಾಗ ‘ದಿ ವೇ ಯು ಮೇಕ್ ಮಿ ಫೀಲ್’ ಹಾಕುವುದು ಇದಕ್ಕೇ.

ಅದೇ ಹಾಡಿನ ಬಗ್ಗೆ ಇನ್ನೊಂದು ನೆನಪು. ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ತಬಲಾ ನುಡಿಸುವ ಹಿರಿಯರೊಬ್ಬರು ಅಂಗಡಿಗೆ ಬರುತ್ತಿದ್ದರು. ಇಂಗ್ಲಿಷ್ ಹಾಡು ಅಂದರೆ ಮುಖ ತಿರುಗಿಸುವವರು. ಈ ಹಾಡು ಬರುತ್ತಿದ್ದ ಹಾಗೆ ಅವರ ಬೆರಳು ತೊಡೆ ಮೇಲೆ ತಟ್ಟಲು ಶುರುವಾಯಿತು. “ಇದು ತಿಶ್ರ ನಡೆ ಕಣಪ್ಪಾ. ಒಂದೊಂದು ಏಟಿನೊಳಗೂ ಮೂರು ಮೂರು ಕುಣೀತಾವೆ” ಅಂದರು. ಅವತ್ತಿನ ತನಕ ಆ ಹಾಡು ಯಾಕೆ ಹಾಗೆ ತೂಗುತ್ತದೆ ಅಂತ ನನಗೆ ತಿಳಿದಿರಲಿಲ್ಲ.

ಇನ್ನು ‘ಮ್ಯಾನ್ ಇನ್ ದಿ ಮಿರರ್’. ಇದು ಅವನು ಬರೆದದ್ದಲ್ಲ. ಸೈಡಾ ಗ್ಯಾರೆಟ್ ಮತ್ತು ಗ್ಲೆನ್ ಬ್ಯಾಲರ್ಡ್ ಬರೆದದ್ದು. ಆಲ್ಬಮ್ಮಿನಲ್ಲಿ ಹೃದಯ ಅನ್ನುವುದು ಇದ್ದರೆ ಇದೇ. ನಾನು ಆಲ್ಬಮ್ಮನ್ನು ಅಷ್ಟು ಹೊಗಳಿದ್ದು ಅವನೇ ಬರೆದ ಅಂತ, ಈಗ ಹೃದಯ ಅನ್ನುತ್ತಿರುವುದು ಬೇರೆಯವರು ಬರೆದ ಹಾಡನ್ನು. ಇರಲಿ, ಸತ್ಯ ಹಾಗೇ ಇದೆ. ಚಿಟಿಕೆಯ ಸದ್ದಿನಿಂದ, ಬರೀ ಒಂದು ದನಿಯಿಂದ ಶುರುವಾಗುತ್ತದೆ. ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಅರ್ಧ ಹಾದಿ ದಾಟಿದ ಮೇಲೆ, ಬದಲಾವಣೆ ಅನ್ನುವ ಅರ್ಥದ ಮಾತು ಬಾಯಿಂದ ಬಂದ ಕ್ಷಣಕ್ಕೇ ಇಡೀ ಹಾಡಿನ ಶ್ರುತಿ ಅರ್ಧ ಮನೆ ಮೇಲೇರುತ್ತದೆ. ಮಾತು ಏನು ಹೇಳುತ್ತದೋ ಸ್ವರ ಅದನ್ನೇ ಮಾಡಿ ತೋರಿಸುತ್ತದೆ. ಅಲ್ಲಿಂದ ಆಂಡ್ರೆ ಕ್ರೌಚ್ ಅವರ ಚರ್ಚ್ ಗಾಯಕರ ತಂಡ ಸೇರಿಕೊಳ್ಳುತ್ತದೆ. ನನಗೆ ಇಂಗ್ಲಿಷ್ ಸರಿಯಾಗಿ ಬರದ ಕಾಲದಲ್ಲೂ ಆ ಜಾಗದಲ್ಲಿ ಗಂಟಲು ಕಟ್ಟುತ್ತಿತ್ತು. ಅರ್ಥ ತಿಳಿದ ಮೇಲೆ ಇನ್ನೂ ಜಾಸ್ತಿ ಕಟ್ಟಿತು. 2009ರ ಜೂನ್ 26ರ ಬೆಳಿಗ್ಗೆ ಅವನು ತೀರಿಕೊಂಡ ಸುದ್ದಿ ನಮಗೆ ಮುಟ್ಟಿತು. ಅಂಗಡಿ ಬಾಗಿಲು ತೆಗೆದು ಈ ಒಂದು ಹಾಡು ಹಾಕಿದೆ. ಬೇರೆ ಏನೂ ಹಾಕಲು ಮನಸ್ಸಾಗಲಿಲ್ಲ.

‘ಸ್ಮೂತ್ ಕ್ರಿಮಿನಲ್’ ಗೊತ್ತಿಲ್ಲದ ಹುಡುಗರು ಯಾರಿದ್ದಾರೆ? ಅಮೆರಿಕದ ಪಟ್ಟಿಯಲ್ಲಿ ಅದು 7ನೇ ಸ್ಥಾನಕ್ಕೇ ನಿಂತಿತು ಅಂದರೆ ಯಾರೂ ನಂಬುವುದಿಲ್ಲ. ನಂಬರ್ ಒನ್ ಆದ ಕೆಲವು ಹಾಡನ್ನು ಈಗಿನ ಮಕ್ಕಳು ಕೇಳಿಲ್ಲ, ಇದನ್ನು ಎಲ್ಲರೂ ಕೇಳಿದ್ದಾರೆ. ಹಾಡಿನ ಶುರುವಿನಲ್ಲಿ ಬರುವ ಎದೆಬಡಿತ ಮೈಕೆಲ್‌ನದೇ. ಡಾಕ್ಟರ್ ಒಬ್ಬರು ರೆಕಾರ್ಡ್ ಮಾಡಿ, ಆಮೇಲೆ ಅದನ್ನು ಕಂಪ್ಯೂಟರ್ ವಾದ್ಯದಲ್ಲಿ ಹದಮಾಡಿದರು. ಹಾಡಿನಲ್ಲಿ ಆ್ಯನಿ ಅನ್ನುವ ಹುಡುಗಿಯನ್ನು ಮತ್ತೆ ಮತ್ತೆ ವಿಚಾರಿಸುತ್ತಾನಲ್ಲ, ಅದು ಪ್ರಥಮ ಚಿಕಿತ್ಸೆ ಕಲಿಸುವ ಗೊಂಬೆಗೆ ಕೇಳುವ ಪ್ರಶ್ನೆಯಿಂದ ಬಂದದ್ದು. ವಿಡಿಯೋದಲ್ಲಿ ಎಲ್ಲರೂ ನೆಟ್ಟಗೆ ಮುಂದಕ್ಕೆ ವಾಲುತ್ತಾರಲ್ಲ, ಬೀಳದ ಹಾಗೆ. ಅದಕ್ಕೆ ಶೂಟಿಂಗಿನಲ್ಲಿ ತಂತಿ ಕಟ್ಟಿದ್ದರು. ವೇದಿಕೆ ಮೇಲೆ ತಂತಿ ನಡೆಯುವುದಿಲ್ಲ. ಅದಕ್ಕಾಗಿ ಹಿಮ್ಮಡಿಯಲ್ಲಿ ಸೀಳು ಇರುವ ಬೂಟು ಮಾಡಿಸಿದರು. ನೆಲದಿಂದ ಏಳುವ ಮೊಳೆಗೆ ಅದು ಸಿಕ್ಕಿಕೊಳ್ಳುತ್ತದೆ. 1993ರಲ್ಲಿ ಅದಕ್ಕೆ ಪೇಟೆಂಟೇ ಸಿಕ್ಕಿತು, ಪೇಟೆಂಟಿನಲ್ಲಿ ಮೈಕೆಲ್ ಹೆಸರೂ ಇದೆ. ನಮ್ಮ ಗಣಪತಿ ಪೆಂಡಾಲಿನಲ್ಲಿ ಬ್ರೇಕ್ ಡ್ಯಾನ್ಸ್ ಮಾಡುವ ಹುಡುಗರಿಗೆ ಇದು ಗೊತ್ತಿರಲಿಲ್ಲ. ಬರೀ ಕಾಲಿನ ಬಲದಿಂದ ವಾಲಲು ನೋಡಿ ಮೂಗು ಜಜ್ಜಿಕೊಂಡವರನ್ನು ನಾನೇ ಎತ್ತಿ ಕೂರಿಸಿದ್ದೇನೆ.

‘ಬ್ಯಾಡ್’ ಹಾಡಿನ ವಿಡಿಯೋ ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶನದ್ದು. 18 ನಿಮಿಷದ ಕಿರುಚಿತ್ರವೇ ಅದು, ಬ್ರೂಕ್ಲಿನ್‌ನ ಮೆಟ್ರೋ ನಿಲ್ದಾಣದಲ್ಲಿ ತೆಗೆದದ್ದು. ಹಾಡಿನ ನಡುವೆ ಬರುವ ಆರ್ಗನ್ ನುಡಿಸಿದವರು ಜಾಝ್ ದಿಗ್ಗಜ ಜಿಮ್ಮಿ ಸ್ಮಿತ್. ಆ ತುಣುಕನ್ನು ದೊಡ್ಡ ಸಿಸ್ಟಮ್‌ನಲ್ಲಿ ಕೇಳಿ ನೋಡಿ. ‘ಡರ್ಟಿ ಡಯಾನಾ’ದ ಗಿಟಾರ್ ಸ್ಟೀವ್ ಸ್ಟೀವನ್ಸ್‌ದು. ನನ್ನ ಹಾರ್ನ್ ಬಾಕ್ಸ್‌ಗಳ ಡಯಾಫ್ರಂ (ಸದ್ದು ಹೊರಡಿಸುವ ತೆಳು ಪೊರೆ) ಎಷ್ಟು ತಾಳುತ್ತದೆ ಅನ್ನುವುದು ಗೊತ್ತಾಗುತ್ತಿದ್ದದ್ದು ಅಲ್ಲೇ.

ಇಷ್ಟವಾಗದ್ದನ್ನೂ ಹೇಳಲೇಬೇಕು. ‘ಜಸ್ಟ್ ಗುಡ್ ಫ್ರೆಂಡ್ಸ್’ ನನಗೆ ಇವತ್ತಿಗೂ ಹಿಡಿಸಿಲ್ಲ. ಸ್ಟೀವಿ ವಂಡರ್ ಅವರಂಥವರು ಜೊತೆಗೆ ಹಾಡಿದ್ದಾರೆ. ಇಬ್ಬರು ದೊಡ್ಡವರು ಸೇರಿದರೆ ಏನೇನೋ ಆಗಬೇಕಿತ್ತು. ಹಾಡೇ ತೆಳು. ಒಳ್ಳೆಯ ಅಡುಗೆಯವರಿಗೆ ಬರೀ ಅವಲಕ್ಕಿ ಕೊಟ್ಟ ಹಾಗೆ. ಕ್ಯಾಸೆಟ್‌ನ ಮೊದಲ ಬದಿಯಲ್ಲಿ ಅದೇ ಕೊನೆಯ ಹಾಡು, ಹಾಗಾಗಿ ಮುಂಚೆಯೇ ತಿರುಗಿಸಿ ಹಾಕುತ್ತಿದ್ದೆ. ‘ಸ್ಪೀಡ್ ಡೀಮನ್’ ಕೂಡ ತುಂಬಾ ವರ್ಷ ಬಿಟ್ಟುಬಿಡುತ್ತಿದ್ದೆ. ಐವತ್ತರ ಹತ್ತಿರ ಬಂದ ಮೇಲೆ ಅದರ ತಾಳದ ಕೆಲಸ ಹಿಡಿಸಲು ಶುರುವಾಗಿದೆ. ಇನ್ನೊಂದು ಕೊರತೆ, ಆ ಕಾಲದ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ಸದ್ದು. ಕೆಲವು ಕಡೆ ಗಾಜಿನ ಮೇಲೆ ಚಮಚ ಬಡಿದಷ್ಟು ಚುರುಕು. ಸಣ್ಣ ಕೋಣೆಯಲ್ಲಿ ಜೋರಾಗಿ ಕೇಳಿದರೆ ಕಿವಿ ದಣಿಯುತ್ತದೆ. ಟ್ರೆಬಲ್ ಒಂದು ಚೂರು ಇಳಿಸಿ ಕೇಳಿ. ‘ಥ್ರಿಲ್ಲರ್’ ಸದ್ದು ಇದಕ್ಕಿಂತ ಬೆಚ್ಚಗಿದೆ, ಅದನ್ನು ಒಪ್ಪುತ್ತೇನೆ.

ಈಗ ಯಾವ ರೂಪದಲ್ಲಿ ಕೇಳಬೇಕು ಅನ್ನುವುದು. ನನ್ನ ಮೊದಲ ಕ್ಯಾಸೆಟ್ ಆರು ವರ್ಷ ಬಾಳಿತು. ಒಂದು ಮದುವೆ ಮನೆಯಲ್ಲಿ ಡೆಕ್ ರೀಲನ್ನು ತಿಂದುಬಿಟ್ಟಿತು. ಪೆನ್ಸಿಲ್ ಹಾಕಿ ಸುತ್ತಿ, ಹರಿದಲ್ಲಿ ಟೇಪ್ ಅಂಟಿಸಿ ಇನ್ನೊಂದು ವರ್ಷ ಓಡಿಸಿದೆ. ಆಮೇಲೆ ಒಂದು ಅಂಗಡಿಯಲ್ಲಿ ಒರಿಜಿನಲ್ ಅಂತ ಹೇಳಿ ಕೊಟ್ಟದ್ದನ್ನು ತಂದೆ. ಅದು ನಕಲು. ಎರಡನೇ ಬದಿಯ ಕೊನೆಯ ಹಾಡು ಅರ್ಧಕ್ಕೇ ಕಟ್. ಅವತ್ತು ನಿಜವಾಗಿ ಬೇಜಾರಾಗಿತ್ತು.

1996ರಲ್ಲಿ ಸಿಡಿ ಕೊಂಡೆ. ಮೈಕೆಲ್ ಮುಂಬೈಗೆ ಬಂದ ವರ್ಷ ಅದು. ಅಂಧೇರಿಯಲ್ಲಿ ಕಾರ್ಯಕ್ರಮ ಇದ್ದದ್ದು ನವೆಂಬರ್ 1ಕ್ಕೆ. ನಮಗೆ ರಾಜ್ಯೋತ್ಸವ. ಅವತ್ತು ನಮ್ಮ ಅಂಗಡಿಯ ಒಂದು ಹಾರ್ನೂ ಖಾಲಿ ಇರಲಿಲ್ಲ. ಹೋಗಲು ಆಗಲಿಲ್ಲ, ಆ ಕೊರಗು ಇನ್ನೂ ಇದೆ. ಅದೇ ತಿಂಗಳು ಸಿಡಿ ತಂದು ಹಾಕಿದೆ. ನನ್ನ ಲೆಕ್ಕದಲ್ಲಿ ‘ಸ್ಮೂತ್ ಕ್ರಿಮಿನಲ್’ ಮುಗಿದರೆ ಆಲ್ಬಂ ಮುಗಿಯಿತು. ಏಳಲು ಹೊರಟೆ. ಇನ್ನೊಂದು ಹಾಡು ಶುರುವಾಯಿತು! ‘ಲೀವ್ ಮಿ ಅಲೋನ್’. ಕ್ಯಾಸೆಟ್ ಮತ್ತು ತಟ್ಟೆಯಲ್ಲಿ 10 ಹಾಡು, ಸಿಡಿಯಲ್ಲಿ ಮಾತ್ರ 11 ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಎಂಟು ವರ್ಷ ದಿನಾ ಓಡಾಡಿದ ಮನೆಯಲ್ಲಿ ಇನ್ನೊಂದು ಕೋಣೆ ಸಿಕ್ಕ ಹಾಗಾಯಿತು. ಪತ್ರಿಕೆಗಳ ಗಾಳಿಸುದ್ದಿಯಿಂದ ಬೇಸತ್ತು ಬರೆದ ಹಾಡು ಅಂತಾರೆ. ಅವನ ದನಿಯ ಪದರಗಳನ್ನು ಕೇಳಬೇಕಾದರೆ ಈ ಹಾಡಿಗಿಂತ ಒಳ್ಳೆಯದು ಇನ್ನೊಂದಿಲ್ಲ.

2012ರಲ್ಲಿ 25ನೇ ವರ್ಷಕ್ಕೆ ‘ಬ್ಯಾಡ್ 25’ ಬಂತು. ಅದರ ದೊಡ್ಡ ಸೆಟ್ ಕೊಂಡಿದ್ದೇನೆ. ಅದರಲ್ಲಿ ಆಗ ಬಿಟ್ಟ ಹಾಡುಗಳು ಇವೆ. ‘ಅಲ್ ಕಪೋನ್’ ಅನ್ನುವುದನ್ನು ಕೇಳಿದರೆ ‘ಸ್ಮೂತ್ ಕ್ರಿಮಿನಲ್’ ಎಲ್ಲಿಂದ ಬೆಳೆಯಿತು ಅಂತ ಗೊತ್ತಾಗುತ್ತದೆ. ಒಂದು ಒಳ್ಳೆಯ ಹಾಡನ್ನು ಪಕ್ಕಕ್ಕಿಟ್ಟು ಅದಕ್ಕಿಂತ ಒಳ್ಳೆಯದನ್ನು ಬರೆಯುವ ತಾಳ್ಮೆ ಅವನಿಗಿತ್ತು. 1988ರ ಜುಲೈ 16ರ ಲಂಡನ್ ವೆಂಬ್ಲಿ ಕಾರ್ಯಕ್ರಮದ ಸಿಡಿ ಮತ್ತು ಡಿವಿಡಿ ಕೂಡ ಇದೆ. ಆ ಬೇಸಿಗೆಯಲ್ಲಿ ವೆಂಬ್ಲಿಯಲ್ಲೇ ಏಳು ಸಲ ಹಾಡಿದ್ದ. 1987ರ ಸೆಪ್ಟೆಂಬರ್‌ನಲ್ಲಿ ಟೋಕಿಯೋದಲ್ಲಿ ಶುರುವಾದ ಆ ಪ್ರವಾಸದಲ್ಲಿ ಒಟ್ಟು 123 ಕಾರ್ಯಕ್ರಮ. ಡಿವಿಡಿಯ ಚಿತ್ರ ಮಸುಕು, ಮೈಕೆಲ್ ಹತ್ತಿರವೇ ಇದ್ದ ವಿಎಚ್‌ಎಸ್ ಟೇಪಿನಿಂದ ತೆಗೆದದ್ದು ಅದು. ದೊಡ್ಡ ಟಿವಿಯಲ್ಲಿ ನೋಡುವವರಿಗೆ ಮೊದಲೇ ಹೇಳಿದ್ದೇನೆ. ಅದೇ ಸೆಟ್ಟಿನ ಹೊಸ ರೀಮಿಕ್ಸ್‌ಗಳು ನನಗೆ ಬೇಡ ಅನ್ನಿಸಿದವು, ಒಂದು ಸಲ ಕೇಳಿ ಬಿಟ್ಟೆ.

ಫೋನಿನಲ್ಲಿ ಕೇಳುವವರಿಗೆ ಒಂದು ವಿಷಯ. ‘ಐ ಜಸ್ಟ್ ಕಾಂಟ್ ಸ್ಟಾಪ್ ಲವಿಂಗ್ ಯು’ ಹಾಡಿಗೆ ಮೊದಲ ಮುದ್ರಣದಲ್ಲಿ ಪಿಸುಮಾತಿನ ಪೀಠಿಕೆ ಇತ್ತು. ನಂತರದ ಮುದ್ರಣಗಳಲ್ಲಿ ತೆಗೆದರು. ನನ್ನ ಹಳೇ ಕ್ಯಾಸೆಟ್‌ನಲ್ಲಿ ಇತ್ತು, ಫೋನಿನಲ್ಲಿ ಇಲ್ಲ. ಪ್ರತಿ ಸಲವೂ ಆ ಜಾಗದಲ್ಲಿ ನನಗೆ ಏನೋ ತಪ್ಪಿದ ಹಾಗೆ ಆಗುತ್ತದೆ.

ಅವನ ಮೇಲೆ ಬಂದ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳ ಬಗ್ಗೆ ಮನೆಯಲ್ಲಿ ಮಗಳು ಕೇಳಿದ್ದಾಳೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಎಲ್ಲ ಆರೋಪಗಳಲ್ಲೂ ಅವನು ತಪ್ಪಿತಸ್ಥನಲ್ಲ ಅಂದಿತು. 2019ರ ಸಾಕ್ಷ್ಯಚಿತ್ರ ಮತ್ತೆ ಪ್ರಶ್ನೆ ಎತ್ತಿತು. ಅವಳಿಗೆ ಎರಡನ್ನೂ ಹೇಳಿದೆ, ಯಾವುದನ್ನೂ ಮುಚ್ಚಿಡಲಿಲ್ಲ. ಕೇಳುವುದು ಬಿಡುವುದು ಅವಳ ಇಷ್ಟ. ನಾನು ಕೇಳುತ್ತೇನೆ.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ: ಹಳೇ 1987ರ ಸಿಡಿ ಎಲ್ಲಾದರೂ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪಿಸುಮಾತೂ ಇರುತ್ತದೆ, ಹನ್ನೊಂದನೇ ಹಾಡೂ ಇರುತ್ತದೆ. ಸಿಗದಿದ್ದರೆ ‘ಬ್ಯಾಡ್ 25’ರ ಎರಡು ಸಿಡಿಯ ಸಣ್ಣ ಸೆಟ್ ಸಾಕು. ಮೊದಲ ಸಲ ಕೇಳುವವರು ಆರನೇ ಹಾಡು ‘ಅನದರ್ ಪಾರ್ಟ್ ಆಫ್ ಮಿ’ಯಿಂದ ಶುರು ಮಾಡಿ. ಕ್ಯಾಸೆಟ್‌ನ ಎರಡನೇ ಬದಿ ಶುರುವಾಗುತ್ತಿದ್ದದ್ದು ಅಲ್ಲಿಂದ. ನಡುವೆ ಯಾವ ಹಾಡನ್ನೂ ಹಾರಿಸದೆ ‘ಸ್ಮೂತ್ ಕ್ರಿಮಿನಲ್’ ತನಕ ಬನ್ನಿ. ಬಾಕ್ಸ್ ಇದ್ದರೆ ಬಾಕ್ಸ್‌ನಲ್ಲೇ ಕೇಳಿ, ಅದರ ಮೇಲೊಂದು ಕೈ ಇಟ್ಟುಕೊಂಡು.